ಕೆಂಚಮ್ಮನ ಕರಿ ಕುರಿಗಳು

ನನ್ನ ತಂಗಿ ಕೆಂಚಮ್ಮನಿಗೆ ಕುರಿಯ ಹಾಗೆ ನಡೆಯಲು ಬರುತ್ತಿತ್ತು. ಮಕ್ಕಳು ತಮಾಷೆಗೆ ಮಾಡುತ್ತಾರಲ್ಲ, ಹಾಗಲ್ಲ. ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು, ಅಂಗೈ ಮಂಡಿ ನೆಲಕ್ಕೂರಿ, ಹಿಂದಿನ ಕಾಲು ಎತ್ತುವಾಗ ಮುಂದಿನ ಯಾವ ಕಾಲು ಊರಿರಬೇಕು, ಕತ್ತು ಯಾವಾಗ ಬಗ್ಗಬೇಕು ಎಂದು ತನ್ನಷ್ಟಕ್ಕೇ ಗೊಣಗಿಕೊಳ್ಳುತ್ತ ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದಳು. ಮದುವೆಯ ವಯಸ್ಸಿಗೆ ಬಂದ ಹುಡುಗಿ. ಒಂದು ದಿನ ಪಕ್ಕದ ಮನೆಯ ಗಂಗಕ್ಕ ಅದನ್ನು ಕಂಡು ಬೇಲಿಯಾಚೆಯಿಂದಲೇ ನಮ್ಮ ಅವ್ವನನ್ನು ಕೂಗಿದಳು.

"ಏ, ಬಾರೇ ಇಲ್ಲಿ! ನಿನ್ ಮಗ್ಳು ನಾಕು ಕಾಲ್ನಾಗೆ ಓಡಾಡ್ತಾಳೆ. ಏನೋ ಮೆಟ್ಕಂಡೈತೆ ಕಣೇ!"

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಮೆಟ್ಕಂಡಿಲ್ಲ ಬಿಡಕ್ಕ. ಕಂಪ್ಯೂಟ್ರು ಅದು" ಅಂದಳು.

ಕೆಂಚಮ್ಮ ತಲೆಯೆತ್ತದೆ ಹೇಳಿದಳು, "ಗಂಗಕ್ಕ, ನಿನ್ ಮೇಕೆ ಸ್ವಲ್ಪ ಆಕಡೆ ಹೊಡ್ಕ. ನನ್ ದಾರಿಗೆ ಅಡ್ಡ ಬತ್ತೈತೆ."

ನಾವು ಹಿರಿಯೂರು ತಾಲ್ಲೂಕು ಬಬ್ಬೂರು ಕಡೆಯ ಒಂದು ಹಟ್ಟಿಯವರು. ಕುರಿ ಸಾಕುವುದು ಮನೆತನದ ಕಸುಬು. ಅಪ್ಪ ತೀರಿಕೊಂಡ ವರ್ಷ ನಾನು ಏಳನೇ ತರಗತಿಗೆ ಶಾಲೆ ಬಿಟ್ಟು ಮಂದೆಯ ಹಿಂದೆ ಹೋದೆ. ಕೆಂಚಮ್ಮ ಪಿಯುಸಿ ಮುಗಿಸಿ ಹಿರಿಯೂರು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಸೇರಿದಳು. ಅಲ್ಲಿ ಟೈಪಿಂಗ್ ಕಲಿತಳು. ಅಲ್ಲಿಯ ಹಳೆಯ ಕಂಪ್ಯೂಟರಿನಲ್ಲಿದ್ದ ಒಂದು ಆಟವನ್ನೂ ಕಂಡಳು. ಅಂಗಡಿಯವರು ಹೊಸದನ್ನು ತಂದು ಹಳೆಯದನ್ನು ಮೂಲೆಗೆ ತಳ್ಳಿದಾಗ, ಅದನ್ನು ಕೇಳಿ ಪಡೆದು, ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿಟ್ಟುಕೊಂಡು ಮನೆಗೆ ಬಂದಳು.

ಆ ಆಟ ಅವಳು ತೊಟ್ಟಿಲಲ್ಲಿದ್ದ ಕಾಲದ್ದು. ಒಂದು ಬಯಲು, ಅಲ್ಲಿ ಕೆಲವು ಜನ. ಅವರಿಂದ ಮರ ಕಡಿಸಿ, ಹೊಲ ಉಳುಮೆ ಮಾಡಿಸಿ, ಮನೆ ಕಟ್ಟಿಸಿ ಊರು ಬೆಳೆಸಬೇಕು. ಆಚೆಯವರು ದಂಡು ಕಟ್ಟಿಕೊಂಡು ಬಂದರೆ ಕಾದಾಡಬೇಕು. ಮೊದಮೊದಲು ಹೊಟ್ಟೆಪಾಡಿಗೆಂದು ಕೆಲವು ಕುರಿ ಕೊಟ್ಟಿರುತ್ತಾರೆ. ಹತ್ತಿ ಉಂಡೆಯಂಥ ಬಿಳಿ ಕುರಿಗಳು. ಅವುಗಳನ್ನು ಹೊಡೆದು ತಿನ್ನುವುದು ಬಿಟ್ಟರೆ ಆ ಆಟದಲ್ಲಿ ಅವಕ್ಕೆ ಬೇರೆ ಕೆಲಸವಿಲ್ಲ. ನನಗೆ ಮೊದಲ ಸಲ ತೋರಿಸಿದಾಗಲೇ ಕೆಂಚಮ್ಮ ಸಿಡಿಮಿಡಿಗೊಂಡಿದ್ದಳು.

"ನೋಡಣ್ಣ, ಕುರಿ ಅಂದ್ರೆ ಬರೀ ಬಾಡು ಅಂದ್ಕಂಡವ್ನೆ ಇದನ್ನ ಮಾಡ್ದೋನು. ಒಂದಿನಾನೂ ಕುರಿ ಕಾದಿಲ್ಲ ಅವ್ನು."

"ಲೇ, ಆಟ ಕಣೇ ಅದು" ಅಂದೆ.

"ಆಟ ಆದ್ರೇನು, ಕುರಿ ಕುರಿನೇ ಅಲ್ವಾ?"

ಇಂಥ ಹಳೆಯ ಆಟಗಳನ್ನು ಬಿಚ್ಚಿ, ಒಳಗಿನದನ್ನು ತಿದ್ದಿ, ತಮ್ಮದನ್ನು ಸೇರಿಸುವ ಜನ ಲೋಕದಲ್ಲೆಲ್ಲ ಇದ್ದಾರಂತೆ. ಅವರನ್ನು ಮಾಡರ್ ಎನ್ನುತ್ತಾರೆ. ಆಟ ಮಾರಿದ ಕಂಪನಿ ಅದನ್ನು ಮರೆತ ಮೇಲೂ ಇವರು ಮರೆಯುವುದಿಲ್ಲ. ಒಬ್ಬ ಮರ ತಿದ್ದುತ್ತಾನೆ, ಒಬ್ಬ ನದಿ ತಿದ್ದುತ್ತಾನೆ, ಮಾಡಿದ್ದನ್ನು ಎಲ್ಲರಿಗೂ ಹಂಚುತ್ತಾರೆ. ಇದರಿಂದ ಏನೂ ಗಿಟ್ಟುವುದಿಲ್ಲ. ಕೆಂಚಮ್ಮ ಅವರಿಂದ ಕೇಳಿ, ನೋಡಿ, ಕೆಡಿಸಿ ಕಲಿತಳು. ಅಲ್ಲಿ ಯಾರೂ ತಮ್ಮ ಹೆಸರು ಹೇಳುವುದಿಲ್ಲ. ಇವಳೂ ಏನೋ ಒಂದು ಅಡ್ಡಹೆಸರು ಇಟ್ಟುಕೊಂಡಿದ್ದಳು.

ಮೊದಲು ಬಿಳಿ ಕುರಿಗಳು ಹೋಗಿ ನಮ್ಮ ಕರಿ ಕುರಿಗಳು ಬಂದವು. ನನಗೆ ಅಷ್ಟೇ ಸಾಕೆನಿಸಿತ್ತು. ಅವಳು ಮಾತ್ರ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, "ತಡಿ, ಇನ್ನೂ ಉಸ್ರಾಡ್ತಿಲ್ಲ ಅದು" ಅನ್ನುತ್ತಿದ್ದಳು. ಇದು ಅವಳ ಮಾತು. ಸಾರಿಗೆ ಒಗ್ಗರಣೆ ಸರಿಬೀಳದಿದ್ದರೂ ಉಸಿರಾಡ್ತಿಲ್ಲ, ಹೊಲಿದ ರವಿಕೆ ಹೊಂದದಿದ್ದರೂ ಉಸಿರಾಡ್ತಿಲ್ಲ. ಅಂಗಳದಲ್ಲಿ ನಾಲ್ಕು ಕಾಲಲ್ಲಿ ನಡೆದದ್ದು ಆ ದಿನಗಳಲ್ಲೇ.

ಕುರಿಯ ನಡಿಗೆ ಸರಿಹೋದ ಮೇಲೆ ಅವಳು ನಿಜವಾದ ಕೆಲಸಕ್ಕೆ ಕೈಹಾಕಿದಳು. ಫಸಲು ತೆಗೆದ ಹೊಲದಲ್ಲಿ ಮಂದೆಯನ್ನು ರಾತ್ರಿ ತಂಗಿಸುವುದಕ್ಕೆ ನಮ್ಮಲ್ಲಿ ಕುರಿ ತರುಬುವುದು ಎನ್ನುತ್ತಾರೆ. ಹಿಕ್ಕೆ ಗಂಜಳ ಬಿದ್ದು ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ನಮಗೆ ಕಾಳುಕಡಿ ಕೊಡುತ್ತಾರೆ. ಅದನ್ನೇ ಅವಳು ಆಟದೊಳಗೆ ತಂದಳು. ಮಂದೆಯನ್ನು ಹೊಲದಲ್ಲಿ ಕೂರಿಸಿದರೆ ಮುಂದಿನ ಬೆಳೆ ದಟ್ಟವಾಗಿ ಬರುತ್ತದೆ. ಆಸೆಬಿದ್ದು ಎಲ್ಲ ಕುರಿ ಕೊಯ್ದು ತಿಂದವನ ಹೊಲ ಸೊರಗುತ್ತದೆ. ಅವಳ ಆಟದಲ್ಲಿ ದಂಡಿನವರು ಕೋಟೆ ಕಾಯುವುದು ಬಿಟ್ಟು ಮಂದೆ ಕಾಯಬೇಕಾಯಿತು. ಅದನ್ನು ಆಡಿದವರು ಯಾವ ಯಾವುದೋ ದೇಶದಿಂದ ಬರೆದು ಕಳಿಸುತ್ತಿದ್ದರು. ಅವಳು ಓದಿ ಅರ್ಥ ಹೇಳುತ್ತಿದ್ದಳು. "ಒಬ್ಬ ಕುರಿಗೋಸ್ಕರ ಯುದ್ಧ ಸೋತ್ನಂತೆ ಕಣಣ್ಣ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆಟದೊಳಗೆ ಅವಳು ಹೊಸದಾಗಿ ಸೇರಿಸಿದ್ದ ಕುರುಬನಿಗೆ ದನಿ ಬೇಕಾಯಿತು. ನಾನು ಮಂದೆ ಕರೆಯುವುದನ್ನು ಫೋನಿನಲ್ಲಿ ಹಿಡಿದು ಕೊಡು ಎಂದಳು. ಕರೆದು ಕೊಟ್ಟೆ. ಕೇಳಿ ಅಳಿಸಿಹಾಕಿದಳು.

"ಇದು ಫೋನ್ ನೋಡ್ಕಂಡು ಕರ್ದಿರಾದು. ಕುರಿ ನೋಡ್ಕಂಡು ಕರಿ."

"ಲೇ, ಎರಡಕ್ಕೂ ಇದೊಂದೇ ಗಂಟ್ಲು ಕಣೇ ಇರಾದು."

"ಗಂಟ್ಲು ಒಂದೇ. ಕರೆಯಾದು ಬ್ಯಾರೆ."

ಕೊನೆಗೆ ನನಗೆ ಗೊತ್ತಾಗದ ಹಾಗೆ ಕಾಲುವೆಯ ಏರಿಯ ಹಿಂದೆ ಕೂತು ಹಿಡಿದಳು. ಅದನ್ನು ಆಟಕ್ಕೆ ಸೇರಿಸಿ ಸ್ಪೀಕರ್ ಹಚ್ಚಿ ಕೇಳಿದ ದಿನ ನಾನು ಹಿರಿಯೂರು ಸಂತೆಯಲ್ಲಿದ್ದೆ. ಮನೆಯಲ್ಲಿ ನನ್ನ ದನಿ ಕೇಳಿ, ರೊಪ್ಪದೊಳಗಿದ್ದ ಕುರಿಗಳೆಲ್ಲ ಮುಳ್ಳಿನ ತಡಿಕೆ ತಳ್ಳಿಕೊಂಡು ಕಿಟಕಿಗೆ ಮುತ್ತಿಕೊಂಡಿವೆ. ಅವ್ವ ಹಾಕಿದ್ದ ಅವರೆ ಬಳ್ಳಿ ಬುಡಸಮೇತ ಹೋಯಿತು. ಅವ್ವ ಬೈಯುತ್ತಿರುವಾಗಲೇ ಕೆಂಚಮ್ಮ ನನಗೆ ಫೋನ್ ಮಾಡಿ ಕಿರುಚಿದಳು, "ಅಣ್ಣ, ಪಾಸಾತು ಕಣಣ್ಣ! ಕುರಿಗುಳೇ ಒಪ್ಕಂಡ್ವು!"

ಅದಾದ ಮೇಲೆ ಪ್ರದರ್ಶನದ ಸುದ್ದಿ ಬಂತು. ಆ ಹಳೆಯ ಆಟವನ್ನು ಮೆಚ್ಚುವವರು ಸೇರಿ ಇಂಟರ್‌ನೆಟ್ಟಿನಲ್ಲೇ ಒಂದು ವಸ್ತುಪ್ರದರ್ಶನ ನಡೆಸುತ್ತಾರೆ. ಫೋನಿನಲ್ಲಿ ತೆರೆದರೆ ಉದ್ದನೆಯ ಒಂದು ಪಡಸಾಲೆ, ಎರಡೂ ಕಡೆ ಬಾಗಿಲುಗಳು. ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬ ಮಾಡರ್ ಮಾಡಿದ್ದನ್ನು ಇಟ್ಟಿರುತ್ತಾರೆ. ಒಳಗೆ ಹೋಗಿ ನೋಡಬಹುದು, ಆಡಬಹುದು, ಅನಿಸಿದ್ದನ್ನು ಗೋಡೆಯ ಮೇಲೆ ಬರೆದು ಬರಬಹುದು. ಎಲ್ಲರದನ್ನೂ ತೆಗೆದುಕೊಳ್ಳುವುದಿಲ್ಲ, ಆರಿಸುತ್ತಾರೆ. ಕೆಂಚಮ್ಮನ ಕುರಿಗಳನ್ನು ಆರಿಸಿದ್ದರು. ಬಾಗಿಲ ಮೇಲೆ ಏನು ಹೆಸರು ಹಾಕಬೇಕು ಎಂದು ಕೇಳಿದ್ದರು.

ಅವಳಿಗೆ ತನ್ನ ಹೆಸರೆಂದರೆ ಆಗುತ್ತಿರಲಿಲ್ಲ. ಅದು ನಮ್ಮ ಅಜ್ಜಿಯ ಹೆಸರು. ಹಿರಿಯರ ಹೆಸರಿಡುವುದು ನಮ್ಮಲ್ಲಿ ಪದ್ಧತಿ. ಕಾಲೇಜಿನಲ್ಲಿ ಹುಡುಗಿಯರು "ಕೆಂಚಜ್ಜಿ" ಎಂದು ಕಾಡಿಸುತ್ತಿದ್ದರಂತೆ. ಅಂಗಡಿಯಲ್ಲಿ ಯಾರಾದರೂ ಹೆಸರು ಕೇಳಿದರೆ ಬೇರೆ ಮಾತು ತೆಗೆಯುತ್ತಿದ್ದಳು. ಅಂಥವಳು ಆ ಬಾಗಿಲ ಮೇಲೆ ಕನ್ನಡ ಅಕ್ಷರದಲ್ಲಿ, ಪೂರ್ತಿಯಾಗಿ, ಕೆಂಚಮ್ಮ ಎಂದು ಬರೆದಳು. ಫೋನನ್ನು ನನ್ನ ಮುಖಕ್ಕೆ ಹಿಡಿದಳು.

"ನೋಡಣ್ಣ. ನಾನೇ ಅಂತ ಗೊತ್ತಾಗ್ಲಿ ಅಂತ ಬರ್ದೆ."

ಅವಳು ತನಗಾಗಿ ಏನಾದರೂ ಬೇಕೆಂದು ಬಯಸಿದ್ದನ್ನು ನಾನು ಕಂಡದ್ದು ಅದೊಂದೇ.

ಆ ಪ್ರದರ್ಶನ ತೆರೆದಿದ್ದಾಗಲೇ ಹೊಸದುರ್ಗದ ಕಡೆಯಿಂದ ಗಂಡಿನವರು ಬಂದರು. ಹುಡುಗ ತಿಪ್ಪೇಸ್ವಾಮಿಗೆ ಪಂಪ್‌ಸೆಟ್ ಮೋಟಾರ್ ರಿಪೇರಿಯ ಅಂಗಡಿ. ಜೊತೆಯಲ್ಲಿ ಅವನ ಸೋದರಮಾವ. ಮಾತುಕತೆ ಚೆನ್ನಾಗಿಯೇ ನಡೆಯುತ್ತಿತ್ತು. ಆ ಮಾವ ಒಮ್ಮೆಲೇ ಕೆಮ್ಮಿ, ಚಾಪೆಯ ಮೇಲೆ ಸರಿದು ಕೂತರು.

"ಒಂದು ಮಾತು, ಬ್ಯಾಸ್ರ ಮಾಡ್ಕಬ್ಯಾಡ್ರಿ. ಹುಡುಗಿ ಆನ್‌ಲೈನ್ ಗೇಮಿಗೆ ಬಿದ್ದಾಳೆ ಅಂತ ಸುದ್ದಿ ಐತಲ್ರಿ. ನಮ್ಮೂರಾಗೆ ಒಬ್ಬ ಅದ್ರಾಗೆ ಇಸ್ಪೀಟು ಆಡಿ ಕುರಿ, ಹೊಲ ಎಲ್ಲಾ ಕಳ್ಕಂಡು ಕುಂತವ್ನೆ."

ಇದು ಅದಲ್ಲ ಎಂದು ಹೇಳಿದ್ದರೆ ಆಗುತ್ತಿತ್ತು. ದುಡ್ಡು ಕಟ್ಟಿ ಆಡುವ ಆಟ ಬೇರೆ, ಇದು ಬೇರೆ ಎಂದು ಬಿಡಿಸಿ ಹೇಳುವಷ್ಟು ನನಗೂ ಗೊತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ ಮಾತು.

"ಅವ್ಳಲ್ರಿ, ನಾನು. ಅದು ದುಡ್ಡಿನ ಆಟ ಅಲ್ಲ. ಕುರಿದು ಒಂದು ಮಾಡೀನಿ ಅಷ್ಟೇ."

ತಿಪ್ಪೇಸ್ವಾಮಿಯ ಮುಖ ಅರಳಿತು. ತನ್ನ ಫೋನು ತೆಗೆದು ತೋರಿಸಿದ. "ಇದೇ ಏನ್ರಿ? ಯಾರೋ ಕಳ್ಸಿದ್ರು ನಂಗೆ. ನಮ್ ಕರಿ ಕುರಿನೇ ಅವೆ, ಕಿವಿ ಅಲುಗ್ಸಾದು ಸೈತ ಹಂಗೇ ಐತೆ. ಆದ್ರೆ ಬಾಗ್ಲ ಮ್ಯಾಲೆ ಕೆಂಚಮ್ಮ ಅಂತ ಐತಲ್ರಿ?"

"ಅದು ನಮ್ಮಜ್ಜಿ ಹೆಸ್ರು" ಅಂದೆ. "ಈ ಮಂದೆ ಬೆಳ್ಸಿದ್ದೇ ಅಜ್ಜಿ. ಅದಕ್ಕೇ ಅವ್ರ ಹೆಸ್ರು ಹಾಕೀನಿ."

"ಭೇಷ್!" ಅಂದರು ಆ ಮಾವ. "ಹಿರೇರ ಹೆಸ್ರು ಉಳ್ಸಿದ್ದೀಯ ಕಣಪ್ಪ."

ಕೆಂಚಮ್ಮ ಚಹಾದ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲರಿಗೂ ಕೊಟ್ಟು ಕೊನೆಗೆ ನನ್ನ ಮುಂದೆ ಬಗ್ಗಿ, "ತಗಳಣ್ಣ" ಅಂದಳು.

ಅವರು ಹೋದ ಮೇಲೆ ಕೇಳಿದಳು, "ಅಜ್ಜಿಗೆ ಕಂಪ್ಯೂಟ್ರು ಆನ್ ಮಾಡಕ್ಕೆ ಬತ್ತಿತ್ತೇನಣ್ಣ?"

"ಲೇ, ಸುಮ್ನಿರೇ. ಮದ್ವೆ ಒಂದು ಆಗ್ಲಿ. ಆಮ್ಯಾಲೆ ಎಲ್ರಿಗೂ ಹೇಳಾಣ."

ಮಾರನೆಯ ದಿನ ಬಾಗಿಲ ಮೇಲೆ ಈರಣ್ಣ ಎಂದಿತ್ತು. ಅದು ನನ್ನ ಹೆಸರು. ಮಾಡಿದವರ ಫೋನ್ ನಂಬರ್ ಇರಬೇಕಾದ ಕಡೆ ನನ್ನ ನಂಬರ್ ಕೊಟ್ಟಿದ್ದಳು. "ಸತ್ತೋರನ್ನ ಯಾಕೆ ಎಳೀಬೇಕು? ನಿಂದು ಅಂದ್ಯಲ್ಲ, ನಿಂದೇ ಇರ್ಲಿ" ಅಂದಳು. ದನಿಯಲ್ಲಿ ಕೋಪವಿರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಹೇಳಿದಂತೆ ಹೆಸರು ತಿದ್ದಿಕೊಡುವ ಹಾಗೆ ಹೇಳಿದಳು.

ಮದುವೆಯಾಯಿತು. ಅವಳು ಹೊಸದುರ್ಗಕ್ಕೆ ಹೋದಳು, ಕಂಪ್ಯೂಟರನ್ನೂ ಒಯ್ದಳು. ಇತ್ತ ನನ್ನ ಸುದ್ದಿ ಹಬ್ಬಿತು. ಚಿತ್ರದುರ್ಗದಿಂದ ಒಬ್ಬ ಹುಡುಗ ಬಂದು ಮಂದೆಯ ನಡುವೆ ನನ್ನನ್ನು ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋದ. ಕುರಿಗಾರರ ಸಂಘದವರು ಸಭೆಯಲ್ಲಿ ಸನ್ಮಾನ ಮಾಡುತ್ತೇವೆ ಎಂದರು. ಬೇಡ ಅನ್ನಲಿಲ್ಲ. ಅವಳ ಮದುವೆಗೋಸ್ಕರ ಸುಳ್ಳು ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಸಂಘದವರಿಗೆ ಒಪ್ಪಿಗೆ ಕೊಟ್ಟಾಗ ಮದುವೆ ಮುಗಿದಿತ್ತು. ಆಗ ಅವಳ ಮದುವೆಯ ನೆಪವೂ ನನಗಿರಲಿಲ್ಲ.

ಸಭೆಗೆ ಮುಂಚೆ, ನಾನು ಕಾಲುವೆಯ ಪಕ್ಕ ಮಂದೆ ಬಿಟ್ಟುಕೊಂಡಿದ್ದಾಗ ಅವಳ ಫೋನ್ ಬಂತು. ಪ್ರದರ್ಶನ ಇನ್ನೇನು ಮುಗಿಯುತ್ತದೆ, ಮುಗಿದ ಮೇಲೆ ಬೀಗ ಹಾಕಿದಂತೆ, ನೋಡಬಹುದು, ಏನನ್ನೂ ತಿದ್ದಲು ಬರುವುದಿಲ್ಲ ಎಂದಳು.

"ಹೆಸ್ರು ತಿದ್ತೀನಿ ಅಣ್ಣ. ಮದ್ವೆ ಆತಲ್ಲ. ನಿನ್ ಫೋನಿಗೆ ಓಟಿಪಿ ಬತ್ತೈತೆ, ಅದನ್ನೊಂದು ಹೇಳು, ಸಾಕು."

ಫೋನು ಕಿವಿಯ ಹತ್ತಿರವೇ ಕಿಣಿ ಅಂದಿತು. ಇಳಿಸಿ ನೋಡಿದೆ. ಅಂಕಿಗಳು ಬಂದಿದ್ದವು. ಬರುವ ಸಭೆಯಲ್ಲಿ ವೇದಿಕೆಯ ಮೇಲೆ ಕೂರುವವನು ನಾನು, ಅಷ್ಟರಲ್ಲಿ ಬಾಗಿಲ ಮೇಲೆ ಬೇರೆ ಹೆಸರು ಬಂದರೆ ಜನ ಏನಂದಾರು ಎಂದು ಯೋಚಿಸಿದೆ.

"ಬಂತೇನಣ್ಣ?"

"ಇಲ್ಲ ಕಣವ್ವ. ಇಲ್ಲಿ ಟವರ್ ಇಲ್ಲ."

"ತಡಿ, ಇನ್ನೊಂದ್ಸಲ ಕಳಿಸ್ತೀನಿ."

ಮತ್ತೆ ಬಂತು. ಕುರಿಗಳ ಕಡೆ ನೋಡುತ್ತ, "ಇಲ್ಲ ಕಣವ್ವ, ಬಂದಿಲ್ಲ" ಅಂದೆ. ಟವರ್ ಇಲ್ಲದಿದ್ದರೆ ನಾವಿಬ್ಬರೂ ಮಾತಾಡುತ್ತಿರುವುದು ಹೇಗೆ ಎಂದು ಅವಳು ಕೇಳಲಿಲ್ಲ. "ಆತು ಬಿಡು" ಎಂದು ಇಟ್ಟಳು. ಮತ್ತೆ ಕೇಳಲೂ ಇಲ್ಲ.

ಸಭೆಯಲ್ಲಿ ಶಾಲು ಹೊದಿಸಿದರು. ಇದನ್ನೆಲ್ಲ ಹೇಗೆ ಮಾಡಿದೆ ಎಂದು ಮೈಕಿನಲ್ಲಿ ಯಾರೋ ಕೇಳಿದರು. ನಾನು ತೊದಲಿದೆ. ಆಮೇಲೆ, "ನನ್ ತಂಗಿನೂ ಸ್ವಲ್ಪ ಸಹಾಯ ಮಾಡ್ತಾಳೆ" ಅಂದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಬದುಕಿನಲ್ಲಿ ನಾನು ಆಡಿದ ಕೆಟ್ಟ ಮಾತುಗಳೆಲ್ಲ ನನಗೆ ನೆನಪಿಲ್ಲ. ಇದು ನೆನಪಿದೆ.

ಪ್ರದರ್ಶನಕ್ಕೆ ಬೀಗ ಬಿತ್ತು. ಕೆಲವು ತಿಂಗಳ ಮೇಲೆ ಶಾಲನ್ನು ಮಡಿಚಿಕೊಂಡು ಸಂಘದ ಅಧ್ಯಕ್ಷರ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಕ್ಕುಬಿಟ್ಟರು. "ಅಣ್ಣ ಆದ್ರೇನು, ತಂಗಿ ಆದ್ರೇನು, ಒಂದೇ ಮನೆ ಅಲ್ವೇನಪ್ಪ? ಇಟ್ಕ ಹೋಗು." ಶಾಲನ್ನು ಮತ್ತೆ ತಂದೆ. ಅವ್ವ ಅದನ್ನು ಟ್ರಂಕಿನಲ್ಲಿ ಹಾಕಿದಳು.

ಕೆಂಚಮ್ಮನನ್ನು ಕೊನೆಯ ಸಲ ಕಂಡದ್ದು ಹೋದ ಶ್ರಾವಣದಲ್ಲಿ. ಹೊಸದುರ್ಗದ ಹತ್ತಿರದ ಹಾಲುರಾಮೇಶ್ವರ ದೇವಸ್ಥಾನಕ್ಕೆ ಹೋದವನು ಅವಳ ಮನೆಗೂ ಹೋದೆ. ಕಂಪ್ಯೂಟರು ಗಂಡನ ಅಂಗಡಿಯ ಹಿಂಬದಿಯ ಕೋಣೆಯಲ್ಲಿತ್ತು. ಸುತ್ತಲೂ ತಾಮ್ರದ ತಂತಿಯ ಸುರುಳಿಗಳು. ಅವಳು ನನಗೆ ರೊಟ್ಟಿ ಬಡಿಸಿದಳು, ಅವ್ವನ ಮಂಡಿನೋವು ಕೇಳಿದಳು, ಮಂದೆಯ ಒಂದೊಂದು ಕುರಿಯನ್ನೂ ವಿಚಾರಿಸಿದಳು. ನಾನು ತಿಪ್ಪೇಸ್ವಾಮಿಯ ಮುಂದೆಯೇ ಆ ಕುರಿಗಳನ್ನು ಮಾಡಿದವಳು ಕೆಂಚಮ್ಮ ಎಂದು ಹೇಳಿದೆ. ಅಜ್ಜಿಯ ಹೆಸರಿನ ಸುಳ್ಳನ್ನೂ ಹೇಳಿದೆ.

ಅವನು ಕೈಯಲ್ಲಿದ್ದ ಮೋಟಾರನ್ನು ಕೆಳಗಿಟ್ಟ. "ಮದ್ವೆ ಆದ ಹೊಸದ್ರಾಗೇ ಹೇಳಿದ್ಲು ಭಾವ. ಅವತ್ತೇ ಹೇಳಿದ್ರೆ ಇನ್ನೂ ಖುಷಿ ಪಡ್ತಿದ್ದೆ ನಾನು. ನಮ್ ಮಾವಂಗೆ ನಾನೇ ತಿಳಿಸಿ ಹೇಳ್ತಿದ್ದೆ." ಅಷ್ಟು ಹೇಳಿ, ಗಿರಾಕಿ ಕರೆದರೆಂದು ಹೊರಗೆ ಹೋದ.

ಉಳಿದದ್ದನ್ನು ಅವಳೊಬ್ಬಳಿಗೇ ಹೇಳಿದೆ. "ಅವತ್ತು ಓಟಿಪಿ ಬಂದಿತ್ತು."

"ಗೊತ್ತು ಕಣಣ್ಣ."

"ಹೆಂಗೆ ಗೊತ್ತು?"

"ನೀನು ಸಲುಗೆಲಿ ನನ್ನ ಲೇ ಅಂತೀಯ. ಸುಳ್ಳು ಹೇಳಾಗ ಅವ್ವ ಅಂತೀಯ. ಸಣ್ಣೋಳಿದ್ದಾಗಿಂದ ನೋಡೀನಿ." ಮಜ್ಜಿಗೆ ಬಗ್ಗಿಸುತ್ತ ಹೇಳಿದಳು. ನನ್ನನ್ನು ನೋಡಲಿಲ್ಲ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

ನಾನೇ ಕೇಳಿದೆ, "ಮತ್ತೆ ಪ್ರದರ್ಶನ ಶುರುವಾಗೈತಂತೆ. ಈ ಸಲ ಏನಾದ್ರೂ ಇಟ್ಟಿದೀಯಾ?"

"ಹ್ಞೂ, ಇಟ್ಟೀನಿ."

"ಯಾವ್ದು? ಕುರಿದೇ?"

"ಅಲ್ಲ."

"ಮತ್ತೆ?"

"ಹೇಳಲ್ಲ" ಅಂದಳು. ಚಿಕ್ಕವಳಿದ್ದಾಗ ಬೆನ್ನ ಹಿಂದೆ ಏನನ್ನೋ ಬಚ್ಚಿಟ್ಟುಕೊಂಡು ಹೀಗೇ ಹೇಳುತ್ತಿದ್ದಳು. ಆಗ ಜೊತೆಗೆ ನಗು ಇರುತ್ತಿತ್ತು. "ಬಸ್ಸು ಬರ ಹೊತ್ತಾತು, ಹೊಂಡು ಅಣ್ಣ. ಕತ್ಲಾದ್ರೆ ಹಿರಿಯೂರಿಂದ ಆಟೋ ಸಿಗಲ್ಲ."

ಆಮೇಲೆ ನಾವು ಭೇಟಿಯಾಗಿಲ್ಲ. ಹಬ್ಬಕ್ಕೆ ಕರೆದರೆ ಅವ್ವನ ಹತ್ತಿರ ಮಾತಾಡಿ, ಅಂಗಡಿಯಲ್ಲಿ ಕೆಲಸ ಎನ್ನುತ್ತಾಳೆ. ಹಳೆಯ ಪ್ರದರ್ಶನದಲ್ಲಿ ಕರಿ ಕುರಿಗಳು ಈಗಲೂ ಮೇಯುತ್ತಿವೆ. ಆ ಬಾಗಿಲ ಮೇಲೆ ನನ್ನ ಹೆಸರಿದೆ. ತೆಗೆಯಲು ಬರುವುದಿಲ್ಲ.

ಹೊಸ ಪ್ರದರ್ಶನವನ್ನು ನಾನು ಮಂದೆ ಕಾಯುತ್ತಲೇ ನೋಡಿದೆ. ಒಂದು ಬಾಗಿಲ ಹಿಂದೆ ಹಿಮ ಬೀಳುವ ಊರು, ಇನ್ನೊಂದರ ಹಿಂದೆ ಸೇತುವೆ. ಒಂದರಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ಒಂದರಲ್ಲಿ ಗಾಳಿಗೆ ಜೋಳ ಓಲಾಡುತ್ತಿತ್ತು. ಬಾಗಿಲುಗಳ ಮೇಲೆ ಅಡ್ಡಹೆಸರುಗಳು. ಅವಳ ಕೈ ನನಗೆ ಗುರುತು ಸಿಗುತ್ತದೆ ಎಂದುಕೊಂಡಿದ್ದೆ. ಜೋಳದ ಹೊಲ ಅವಳದೇ ಅನಿಸಿತು. ಬಟ್ಟೆ ಒಗೆಯುವ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿದ್ದನ್ನು ನೋಡಿ ಅದು ಅವಳದು ಅನಿಸಿತು. ಹಿಮದ ಊರಿನಲ್ಲಿ ಒಂದು ನಾಯಿ ಮೈ ಕೊಡವಿದ್ದು ನೋಡಿ ಇದೇ ಇರಬೇಕು ಅನಿಸಿತು. ಎಲ್ಲದರೊಳಗೂ ಹೋಗಿ ಬಂದೆ. ಯಾವುದೆಂದು ತಿಳಿಯಲಿಲ್ಲ.

ಕೊನೆಗೆ ಎಲ್ಲ ಕೋಣೆಗಳ ಗೋಡೆಯ ಮೇಲೂ ಕನ್ನಡದಲ್ಲಿ ಒಂದೇ ಸಾಲು ಬರೆದೆ: "ಲೇ, ಚೆನ್ನಾಗೈತೆ ಕಣೇ." ಇದು ಯಾವ ಭಾಷೆ ಎಂದು ಕೆಲವರು ಕೇಳಿದ್ದಾರೆ. ಒಬ್ಬರು ಕೈಮುಗಿದ ಚಿತ್ರ ಕಳಿಸಿದ್ದಾರೆ. ಉಳಿದವರು ಸುಮ್ಮನಿದ್ದಾರೆ. ಆ ಸುಮ್ಮನಿರುವವರಲ್ಲಿ ಒಬ್ಬಳು ನನ್ನ ತಂಗಿ.